ಬೆಳಕು, ಲೇಸರ್ ಮತ್ತು ಜೀವಕೋಶ

ಹುಟ್ಟಿದ ಮೂರನೆಯ ದಿನವೇ ಕೂಸಿಗೆ ಕಾಮಾಲೆ ಕಾಣಿಸಿಕೊಂಡು, ಅದನ್ನು ನೀಲಿ ದೀಪದ ಕೆಳಗೆ ಮಲಗಿಸಿದ ನೆನಪು ನಮ್ಮಲ್ಲಿ ಹಲವು ಕುಟುಂಬಗಳಿಗಿದೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬರಿಮೈಯಲ್ಲಿ ಮಲಗಿರುವ ಮಗುವನ್ನು ಗಾಜಿನಾಚೆಯಿಂದ ನೋಡುವ ಅಜ್ಜಿಯಂದಿರಿಗೆ ಅದು ಶಾಖ ಕೊಡುವ ಉಪಚಾರವೆಂದೇ ತೋರುವುದು. ವಾಸ್ತವದಲ್ಲಿ ಅಲ್ಲಿ ಗುಣ ಕೊಡುವುದು ಶಾಖವಲ್ಲ, ಬೆಳಕಿನ ಬಣ್ಣ.

ಈ ಚಿಕಿತ್ಸೆಯ ಮೂಲ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿದೆ. 1956ರಲ್ಲಿ ಅಲ್ಲಿನ ದಾದಿ ಜೀನ್ ವಾರ್ಡ್ ಅವರು ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಅಂಗಳದ ಬಿಸಿಲಿಗೆ ತರುತ್ತಿದ್ದರು. ಒಂದು ಮಗುವಿನ ಮೈಯ ಹಳದಿ ಇಳಿದಿದ್ದರೂ, ಬಟ್ಟೆ ಮುಚ್ಚಿದ್ದ ಭಾಗದಲ್ಲಿ ಮಾತ್ರ ಅದು ಹಾಗೆಯೇ ಉಳಿದಿದ್ದುದನ್ನು ಅವರು ವೈದ್ಯರಿಗೆ ತೋರಿಸಿದರು. ವೈದ್ಯ ರಿಚರ್ಡ್ ಕ್ರೀಮರ್ ಮತ್ತು ಸಂಗಡಿಗರು ಈ ಜಾಡು ಹಿಡಿದು 1958ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಹಳದಿಗೆ ಕಾರಣವಾದ ಬಿಲಿರುಬಿನ್ ಎಂಬ ವಸ್ತು ಸುಮಾರು 460ರಿಂದ 490 ನ್ಯಾನೋಮೀಟರ್ ಅಲೆಯುದ್ದದ ನೀಲಿ ಬೆಳಕನ್ನು ಹೀರಿಕೊಂಡು ತನ್ನ ಆಕಾರವನ್ನೇ ಬದಲಿಸಿಕೊಳ್ಳುತ್ತದೆ. ಆಗ ಅದು ನೀರಿನಲ್ಲಿ ಕರಗಬಲ್ಲುದಾಗಿ ಪಿತ್ತ ಮತ್ತು ಮೂತ್ರದ ಮೂಲಕ ಹೊರಹೋಗುತ್ತದೆ. ಎಳೆಯ ಯಕೃತ್ತು ಇನ್ನೂ ಮಾಡಲಾರದ ಕೆಲಸವನ್ನು ಬೆಳಕು ಮಾಡಿಕೊಡುತ್ತದೆ ಎನ್ನಬಹುದು.

ಬೆಳಕು ಮತ್ತು ಜೀವಕೋಶಗಳ ಸಂಬಂಧವೆಲ್ಲ ಈ ಒಂದು ನಿಯಮದ ಮೇಲೆ ನಿಂತಿದೆ: ಹೀರಲ್ಪಟ್ಟ ಬೆಳಕಷ್ಟೇ ಪರಿಣಾಮ ಬೀರುತ್ತದೆ. ಅತಿನೇರಳೆ ಕಿರಣಗಳನ್ನು ಹೀರುವುದು ಮುಖ್ಯವಾಗಿ ಕೋಶದ ಡಿಎನ್‌ಎ. ಅದರ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮಿನ್ ಘಟಕಗಳು ಒಂದಕ್ಕೊಂದು ಅಂಟಿಕೊಂಡು ಆನುವಂಶಿಕ ಬರಹವೇ ಕೆಡುತ್ತದೆ. ಕೋಶವು ಕೆಟ್ಟ ತುಂಡನ್ನು ಕತ್ತರಿಸಿ ಸರಿಪಡಿಸುತ್ತದೆ. ತಪ್ಪಿಹೋದದ್ದು ಮುಂದೊಂದು ದಿನ ಚರ್ಮದ ಕ್ಯಾನ್ಸರಿಗೆ ದಾರಿಯಾಗಬಹುದು. ಬ್ಯಾಕ್ಟೀರಿಯ ಹಾಗೂ ಸಸ್ಯಗಳಲ್ಲಿ ಈ ದುರಸ್ತಿಗೆ ನೀಲಿ ಬೆಳಕನ್ನೇ ಬಳಸುವ ಫೋಟೋಲಯೇಸ್ ಎಂಬ ಕಿಣ್ವವಿದೆ. ಮನುಷ್ಯರಿಗೆ ಆ ಭಾಗ್ಯವಿಲ್ಲ.

ಕೆಂಪು ಬೆಳಕಿನ ಕಥೆಯೇ ಬೇರೆ. ಕತ್ತಲಲ್ಲಿ ಟಾರ್ಚಿನ ಮೇಲೆ ಅಂಗೈ ಇಟ್ಟರೆ ಬೆರಳುಗಳು ಕೆಂಪಗೆ ಹೊಳೆಯುತ್ತವಲ್ಲವೆ? ಉಳಿದ ಬಣ್ಣಗಳನ್ನು ರಕ್ತ ಮಾಂಸಗಳು ಹೀರಿಬಿಟ್ಟು, ಕೆಂಪು ಮಾತ್ರ ಆಳಕ್ಕೆ ಇಳಿಯುವುದರ ಗುರುತು ಅದು.

1960ರಲ್ಲಿ ಥಿಯೋಡರ್ ಮೈಮನ್ ಅಮೆರಿಕದಲ್ಲಿ ಮೊದಲ ಲೇಸರನ್ನು ಬೆಳಗಿಸಿದಾಗ ಹೊಮ್ಮಿದ್ದೂ ಮಾಣಿಕ್ಯದ ಕೆಂಪು ಬೆಳಕೇ. ಒಂದೇ ಅಲೆಯುದ್ದದ ಬೆಳಕನ್ನು ಸಣ್ಣ ಜಾಗಕ್ಕೆ ಒಟ್ಟುಗೂಡಿಸಬಹುದೆಂಬುದು ಲೇಸರಿನ ಹೆಚ್ಚುಗಾರಿಕೆ. ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್ ಅದರಿಂದ ಇಲಿಗಳ ಗಡ್ಡೆಯನ್ನು ಸುಡಲು ಹೊರಟರು. ಅವರ ಉಪಕರಣ ಅಷ್ಟು ಬಲವಾದುದಾಗಿರಲಿಲ್ಲ, ಗಡ್ಡೆಗಳು ಕರಗಲಿಲ್ಲ. ಆದರೆ ಬೋಳಿಸಿದ ಜಾಗದಲ್ಲಿ, ಲೇಸರ್ ಬಿದ್ದ ಇಲಿಗಳಿಗೆ ಕೂದಲು ಬೇಗ ಬೆಳೆಯಿತು. 1967ರ ಈ ಸೋಲಿನಿಂದಲೇ ಮಂದ ಲೇಸರ್ ಚಿಕಿತ್ಸೆ ಹುಟ್ಟಿತು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಕೆಂಪು ಬೆಳಕನ್ನು ಹೀರಿ ಚುರುಕಾಗುತ್ತದೆಂದು ರಷ್ಯದ ವಿಜ್ಞಾನಿ ಟೀನಾ ಕಾರು ಪ್ರತಿಪಾದಿಸಿದರು. ಹೆಚ್ಚಿನವರು ಒಪ್ಪಿರುವ ವಿವರಣೆ ಇದಾದರೂ ವಾದ ಇನ್ನೂ ಮುಗಿದಿಲ್ಲ.

ಇಲ್ಲಿ ಪ್ರಮಾಣವೇ ಸರ್ವಸ್ವ. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಜೂಲ್ ಎಂಬುದು ಇದರ ಲೆಕ್ಕ. ಕಡಿಮೆಯಾದರೆ ಫಲವಿಲ್ಲ, ಹದವಾಗಿದ್ದರೆ ಕೋಶ ಚುರುಕಾಗುತ್ತದೆ, ಹೆಚ್ಚಾದರೆ ಅದೇ ಬೆಳಕು ಕೋಶವನ್ನು ಕುಗ್ಗಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ಬಾಯಿಹುಣ್ಣನ್ನು ತಡೆಯಲು ಕೆಲವು ಬಗೆಯ ರೋಗಿಗಳಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಇದನ್ನು ಶಿಫಾರಸು ಮಾಡುತ್ತವೆ. ಆದರೆ ಊರೆಲ್ಲ ತೆರೆದಿರುವ ನೋವು ನಿವಾರಣಾ ಕೇಂದ್ರಗಳ ಮಾತು ಬೇರೆ. ನಮ್ಮ ಬಳಗದ ಹಿರಿಯರೊಬ್ಬರು ಮೊಣಕಾಲು ನೋವಿಗೆಂದು ಅಂಥದೊಂದು ಕಡೆ ಹತ್ತು ಬಾರಿ ಹೋಗಿಬಂದರು. ಜೊತೆಗೆ ಹೋಗಿದ್ದ ನಾವು ಎಷ್ಟು ಜೂಲ್ ಕೊಡುತ್ತೀರಿ ಎಂದು ಕೇಳಿದರೆ ಯಂತ್ರ ನಡೆಸುವವರಲ್ಲಿ ಉತ್ತರವಿರಲಿಲ್ಲ. ಹತ್ತು ಸರದಿಯ ಶುಲ್ಕ ಮಾತ್ರ ಬಾಯಿಪಾಠವಾಗಿತ್ತು. ಲೆಕ್ಕದ ಪುಸ್ತಕಗಳ ನಡುವೆ ಬದುಕು ಸವೆಸಿದ ನಮಗೆ, ಮೊತ್ತ ಬರೆಯದ ಚೆಕ್ಕಿನಂತೆ ಕಂಡಿತು ಅದು.

ಪ್ರಮಾಣವನ್ನು ಕರಾರುವಾಕ್ಕಾಗಿ ಬಳಸಿದ ಉದಾಹರಣೆಯೆಂದರೆ ಕಣ್ಣಿನ ಲೇಸಿಕ್ ಶಸ್ತ್ರಚಿಕಿತ್ಸೆ. ಮದ್ರಾಸಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್ ಅವರು 1981ರಲ್ಲಿ ಹಬ್ಬದೂಟದಲ್ಲಿ ಮಿಕ್ಕ ಟರ್ಕಿ ಕೋಳಿಯ ತುಣುಕನ್ನು ಪ್ರಯೋಗಾಲಯಕ್ಕೆ ಒಯ್ದು, 193 ನ್ಯಾನೋಮೀಟರಿನ ಎಕ್ಸಿಮರ್ ಲೇಸರಿಗೆ ಒಡ್ಡಿದರು. ಅಂಚು ಕರಕಲಾಗದೆ ಅಚ್ಚುಕಟ್ಟಾದ ಗೀರು ಮೂಡಿತು. ಈ ಕಿರಣವನ್ನು ಅಂಗಾಂಶದ ಅತಿ ತೆಳುವಾದ ಮೇಲ್ಪದರವೇ ಹೀರಿ ಬಿಡುವುದರಿಂದ, ಅಲ್ಲಿನ ಅಣುಬಂಧಗಳು ಕಡಿದು ಪದರ ಆವಿಯಾಗುತ್ತದೆ; ಪಕ್ಕದ ಕೋಶಗಳಿಗೆ ಬಿಸಿ ತಟ್ಟುವುದಿಲ್ಲ.

ಅದೇ ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ಲೇಸರ್ ಪರಮ ವೈರಿ. ಕಣ್ಣಿನ ಮಸೂರ ಬೆಳಕನ್ನು ಅಲ್ಲಿ ಚುಕ್ಕೆಯಷ್ಟು ಜಾಗಕ್ಕೆ ಕೇಂದ್ರೀಕರಿಸುತ್ತದೆ. ಜಾತ್ರೆ, ರೈಲು ನಿಲ್ದಾಣಗಳಲ್ಲಿ ಮಕ್ಕಳ ಆಟಿಕೆಯಾಗಿ ಮಾರುವ ಅಗ್ಗದ ಹಸಿರು ಲೇಸರುಗಳಲ್ಲಿ ಕೆಲವು, ಕಾಣುವ ಹಸಿರಿನ ಜೊತೆ ಕಾಣದ ಅವಕೆಂಪು ಕಿರಣವನ್ನೂ ಸೋರಿಸುತ್ತವೆ. ಪ್ರಖರ ಬೆಳಕಿಗೆ ಕಣ್ಣು ಕಾಲು ಸೆಕೆಂಡಿನಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಾಣದ ಕಿರಣಕ್ಕೆ ರೆಪ್ಪೆ ಬಡಿಯುವುದಿಲ್ಲ. ಅಕ್ಷಿಪಟಲದಲ್ಲಿ ನೋವಿನ ನರಗಳೂ ಇಲ್ಲದ ಕಾರಣ ಸುಟ್ಟದ್ದು ಮಗುವಿಗೆ ತಿಳಿಯುವುದು, ಅಕ್ಷರದ ನಡುವೆ ಕಪ್ಪು ಮಚ್ಚೆ ಕಂಡಾಗಲೇ. ಸತ್ತ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ.