ಯಕೃದ್ರೋಗದಲ್ಲಿ ವಿಷಾಣುವೂ ಆಮ್ಲಜನಕವೂ

ವಿಷಾಣುವಿನಿಂದ ಉಂಟಾಗುವ ಯಕೃತ್ತಿನ ದೀರ್ಘವ್ಯಾಧಿಯಲ್ಲಿ ನಾಶಕರ್ತೃವು ವಿಷಾಣುವೋ ರೋಗಿಯ ದೇಹವೋ ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಎರಡು ಶೋಧಪರಂಪರೆಗಳು ಕೂಡಬೇಕಾಯಿತು. ಅವುಗಳಲ್ಲಿ ಒಂದು ಕಾಮಾಲೆಯ ಕಾರಣವನ್ನು ಅರಸಿದುದು. ಇನ್ನೊಂದು ಆಮ್ಲಜನಕದ ಉಪದ್ರವವನ್ನು ಅರಿತುದು.

ಜರ್ಮನಿಯ ಬ್ರೆಮೆನ್ ನಗರದಲ್ಲಿ 1883ರಲ್ಲಿ ಹಡಗು ಕಟ್ಟುವ 1,289 ಮಂದಿ ಕೆಲಸಗಾರರಿಗೆ, ಮನುಷ್ಯರಿಂದ ತೆಗೆದ ರಸದಿಂದ ದೇವಿ ಹಾಕಲಾಯಿತು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ 191 ಮಂದಿಗೆ ಕಾಮಾಲೆಯುಂಟಾಯಿತು. ಇದನ್ನು ಲೂರ್ಮನ್ ಎಂಬ ವೈದ್ಯನು 1885ರಲ್ಲಿ ಪ್ರಕಟಿಸಿದನು. ದೇಹರಸದ ಮೂಲಕ ಹರಡುವ ಇಂತಹ ರೋಗದ ಒಂದು ಕುರುಹನ್ನು 1965ರಲ್ಲಿ ಬ್ಲೂಂಬರ್ಗನು ವರದಿಮಾಡಿದನು. ಅದು ‘ಬಿ’ ವಿಷಾಣುವಿನದೆಂದು ಆಮೇಲೆ ತಿಳಿಯಿತು. 1989ರಲ್ಲಿ ಹೌಟನ್ ಮತ್ತು ಅವನ ಸಂಗಡಿಗರು ‘ಸಿ’ ವಿಷಾಣುವನ್ನು ಗುರುತಿಸಿದರು.

ಇನ್ನು ಎರಡನೆಯ ಪರಂಪರೆ. ಆಮ್ಲಜನಕಕ್ಕೆ ನಮ್ಮ ಭಾಷೆಯಲ್ಲಿ ಪ್ರಾಣವಾಯುವೆಂಬ ಹೆಸರೂ ಉಂಟಷ್ಟೆ. ಆದರೆ ಪ್ರಾಣಪೋಷಕವಾದುದೇ ಪ್ರಾಣಬಾಧಕವೂ ಆಗಬಲ್ಲದು. ಆಮ್ಲಜನಕದ ವಿಷಪರಿಣಾಮಕ್ಕೂ ಕ್ಷಕಿರಣದ ಹಾನಿಗೂ ರ‍್ಯಾಡಿಕಲ್ ಎಂಬ ಚಂಚಲ ಕಣಗಳೇ ಸಮಾನ ಕಾರಣವೆಂದು 1954ರಲ್ಲಿ ರೆಬೆಕಾ ಗರ್ಶ್‌ಮನ್ ಮೊದಲಾದವರು ಪ್ರತಿಪಾದಿಸಿದರು. ಅಂತಹ ಕಣಗಳಲ್ಲೊಂದನ್ನು ಶಮನಗೊಳಿಸುವ ಕಿಣ್ವವು ದೇಹದಲ್ಲಿಯೇ ಇದೆಯೆಂದು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿದರು. ಈ ಕಣಗಳ ಹಾವಳಿಯು ದೇಹದ ರಕ್ಷಣಶಕ್ತಿಯನ್ನು ಮೀರಿದ ಸ್ಥಿತಿಗೆ 1985ರಲ್ಲಿ ಸೀಸ್ ಎಂಬ ವಿಜ್ಞಾನಿಯು ‘ಉತ್ಕರ್ಷಣದ ಒತ್ತಡ’ವೆಂಬ ಅರ್ಥದ ಹೆಸರನ್ನು ನಿರೂಪಿಸಿದನು.

ವಿಷಾಣುವನ್ನು ಎದುರಿಸುವ ರಕ್ಷಕಕೋಶಗಳು ಈ ಕಣಗಳನ್ನು ಹೊರಸೂಸುತ್ತವೆ. ಆದುದರಿಂದ ಉರಿಯೂತವೇ ಅವುಗಳ ಮೂಲವೆಂದು ಭಾವಿಸುವುದು ಸಹಜವಾಗಿದ್ದಿತು. ಆದರೆ 2001ರಲ್ಲಿ ಜಪಾನಿನ ಮೊರಿಯಾ ಮುಂತಾದವರು, ‘ಸಿ’ ವಿಷಾಣುವಿನ ಒಂದೇ ಪ್ರೋಟೀನನ್ನು ತಳೆದ ಇಲಿಗಳ ಯಕೃತ್ತಿನಲ್ಲಿ ಉರಿಯೂತವಿಲ್ಲದೆಯೂ ಈ ಒತ್ತಡವನ್ನು ಕಂಡರು. ಅದೇ ಪ್ರೋಟೀನು ಕೋಶದ ಶಕ್ತ್ಯಾಗಾರವಾದ ಮೈಟೊಕಾಂಡ್ರಿಯಕ್ಕೆ ಹಾನಿಮಾಡುವುದೆಂದು 2002ರಲ್ಲಿ ಒಕುಡಾ ಮುಂತಾದವರು ತೋರಿಸಿದರು. ಹೀಗೆ ‘ಸಿ’ ವ್ಯಾಧಿಯಲ್ಲಿ ಕಿಚ್ಚನ್ನು ಹಚ್ಚುವುದರಲ್ಲಿ ವಿಷಾಣುವಿಗೂ ದೇಹಕ್ಕೂ ಪಾಲುಂಟೆಂದು ಸಿದ್ಧವಾಯಿತು.

ಹಾಗಾದರೆ ಕಿಚ್ಚನ್ನು ಆರಿಸಿದ ಮಾತ್ರಕ್ಕೆ ರೋಗವು ವಾಸಿಯಾಗುವುದೇ? ಯಕೃತ್ತಿನಲ್ಲಿ ಸೇರಿದ ಕಬ್ಬಿಣವು ಈ ಕಣಗಳನ್ನು ಹೆಚ್ಚಿಸುವುದರಿಂದ, ಜಪಾನಿನ ವೈದ್ಯರು ರಕ್ತವನ್ನು ತೆಗೆದು ಕಬ್ಬಿಣವನ್ನು ತಗ್ಗಿಸಿದರು. 1994ರ ಅವರ ವರದಿಯಂತೆ ಯಕೃತ್ತಿನ ಹಾನಿಯ ಸೂಚಕಗಳು ಇಳಿದುವು. ಆದರೆ ವಿಷಾಣುವು ಉಳಿಯಿತು. ಜೀವಸತ್ವಗಳಿಂದಲೂ ಅದನ್ನು ನಿರ್ಮೂಲಮಾಡಲಾಗಲಿಲ್ಲ. 2013ರಿಂದ ಬಳಕೆಗೆ ಬಂದ, ವಿಷಾಣುವನ್ನೇ ನೇರವಾಗಿ ತಡೆಯುವ ಔಷಧಗಳಾದರೋ ‘ಸಿ’ ರೋಗಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯನ್ನು ಗುಣಪಡಿಸುತ್ತಿವೆ.

ಇದರಿಂದ ಮೂಲಕಾರಣ ಬೇರೆ, ಅದು ಕೆಲಸಮಾಡುವ ದ್ವಾರ ಬೇರೆ ಎಂಬುದು ವ್ಯಕ್ತವಾಗುತ್ತದೆ. ದ್ವಾರವನ್ನೇ ಮೂಲವೆಂದು ಭ್ರಮಿಸಿ ಯಕೃತ್ತಿನ ಟಾನಿಕ್ಕುಗಳನ್ನು ನಂಬಿ ಕುಳಿತ ರೋಗಿಯು ಅಮೂಲ್ಯವಾದ ಕಾಲವನ್ನು ಕಳೆದುಕೊಳ್ಳುತ್ತಾನೆ. ಹಾಗೆಂದು ದ್ವಾರದ ವಿಚಾರವು ನಿರರ್ಥಕವಲ್ಲ. ಯಕೃತ್ತು ಗಡುಸುಗಟ್ಟಿದ ಮೇಲೆ ವಿಷಾಣುವು ತೊಲಗಿದರೂ ಅರ್ಬುದದ ಭಯವು ಪೂರ್ತಿಯಾಗಿ ತೊಲಗುವುದಿಲ್ಲ. ಬೆಂಕಿಯನ್ನು ಹಚ್ಚಿದವನು ಹೊರಟುಹೋದರೂ ಸುಟ್ಟ ಮನೆಯ ಪರೀಕ್ಷೆಯು ಉಳಿದೇ ಇರುತ್ತದೆ.