ಎರಡು ವರ್ಷದ ವ್ರತ: ಮಾರ್ಮನ್ ಮಿಷನರಿಯ ದಿನಚರಿ ಮತ್ತು ರಾಮನಗರ ಸೀಮೆಯ ಹಳೆಯ ಪಾದ್ರಿಗಳು

ಪರದೇಶಕ್ಕೆ ಹೋದ ಮಿಷನರಿ ಏನು ಬೋಧಿಸಿದ, ಎಷ್ಟು ಮಂದಿಗೆ ದೀಕ್ಷಾಸ್ನಾನ ಕೊಟ್ಟ ಎಂಬುದನ್ನೇ ನಮ್ಮ ಬರಹಗಳು ಹೆಚ್ಚಾಗಿ ಕೇಳುತ್ತ ಬಂದಿವೆ. ಬೆಳಗ್ಗೆ ಎಷ್ಟು ಹೊತ್ತಿಗೆ ಎದ್ದ, ಯಾರ ಜೊತೆ ನಡೆದ, ಯಾವ ಭಾಷೆಯನ್ನು ದಿನಕ್ಕೆ ಎಷ್ಟು ಹೊತ್ತು ಕಲಿತ ಎಂಬ ಪ್ರಶ್ನೆಗಳು ಸಣ್ಣವೆಂದು ಬದಿಗೆ ಸರಿದಿವೆ. ಆತ ಬೆಂಗಳೂರಿನಲ್ಲೇ ನಿಂತನೋ ಮಾಗಡಿ, ಕನಕಪುರದ ಹಳ್ಳಿಗಳವರೆಗೆ ಹೋಗಬಲ್ಲವನಾದನೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಈ ಸಣ್ಣ ಸಂಗತಿಗಳೇ ಎಂದು ತೋರಿಸುವುದು ಈ ಟಿಪ್ಪಣಿಯ ಉದ್ದೇಶ. ಇದಕ್ಕೆ ಇಂದಿನ ಮಾರ್ಮನ್ ಯುವ ಮಿಷನರಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಆತನ ದಿನಚರಿ ಅಚ್ಚಾಗಿದೆ. ಗಂಟೆ ಗಂಟೆಯ ಲೆಕ್ಕ ಸಿಗುತ್ತದೆ.

ಮಾರ್ಮನ್ ಎಂಬುದು ರೂಢಿಯ ಹೆಸರು. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಕಟ್ಟಿದ ಈ ಸಭೆಯ ಕೇಂದ್ರ ಈಗ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ರೂಢಿಯ ಹೆಸರನ್ನು ಬಿಟ್ಟು ಯೇಸು ಕ್ರಿಸ್ತನ ಹೆಸರುಳ್ಳ ಪೂರ್ಣ ನಾಮವನ್ನೇ ಬಳಸಿ ಎಂದು ಸಭೆಯ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರು. ಓದುಗರಿಗೆ ಗುರುತು ಸಿಗಲೆಂದು ಇಲ್ಲಿ ಹಳೆಯ ಹೆಸರನ್ನು ಉಳಿಸಿಕೊಂಡಿದ್ದೇನೆ. ಇವರ ಬೆಂಗಳೂರು ಮಿಷನ್ 1993ರಲ್ಲಿ ಆರಂಭವಾಯಿತು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ದೇವಾಲಯವೊಂದನ್ನು ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಅದಕ್ಕೆ ಭೂಮಿಪೂಜೆಯಂಥ ವಿಧಿ ನಡೆಸಿದರು. ಅಂದರೆ ಕಚೇರಿಯೂ ದೇವಾಲಯದ ಜಾಗವೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಐವತ್ತು ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇವೆ.

ಹುಡುಗನಾದರೆ ಹದಿನೆಂಟು ತುಂಬಿದ ಮೇಲೆ ಎರಡು ವರ್ಷ, ಹುಡುಗಿಯಾದರೆ ಹದಿನೆಂಟು ತಿಂಗಳು: ಇದು ಸೇವೆಯ ಅವಧಿ. ಸಂಬಳವಿಲ್ಲ, ಖರ್ಚನ್ನು ತಾನೋ ಮನೆಯವರೋ ಹೊರಬೇಕು. ಊರನ್ನು ಆರಿಸಿಕೊಳ್ಳುವಂತಿಲ್ಲ, ಪತ್ರ ಬಂದ ಕಡೆಗೆ ಹೋಗಬೇಕು. ಎಷ್ಟೋ ವರ್ಷ ಜಾರಿಯಲ್ಲಿದ್ದ ದಿನಚರಿ ಹೀಗಿತ್ತು: ಆರೂವರೆಗೆ ಏಳುವುದು, ಅರ್ಧ ಗಂಟೆ ವ್ಯಾಯಾಮ, ತಿಂಡಿ, ಎಂಟಕ್ಕೆ ಒಂಟಿಯಾಗಿ ಶಾಸ್ತ್ರಪಠಣ, ಒಂಬತ್ತಕ್ಕೆ ಜೊತೆಗಾರನೊಡನೆ ಪಠಣ, ಹತ್ತಕ್ಕೆ ಹೊರಗೆ. ರಾತ್ರಿ ಒಂಬತ್ತಕ್ಕೆ ಮನೆ, ಮರುದಿನದ ಯೋಜನೆ, ಹತ್ತೂವರೆಗೆ ದೀಪ ಆರಿಸುವುದು. 2017ರಲ್ಲಿ ಆಯಾ ಊರಿನ ಸ್ಥಿತಿ ನೋಡಿ ವೇಳೆ ಹೊಂದಿಸಿಕೊಳ್ಳಲು ಸಡಿಲಿಕೆ ಕೊಟ್ಟರು. ಚೌಕಟ್ಟು ಮಾತ್ರ ಬದಲಾಗಿಲ್ಲ. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಪತ್ರ ಬರೆಯಲು ಬಿಡುವು. ವರ್ಷಕ್ಕೆ ಎರಡೇ ಸಲ ಮನೆಗೆ ಫೋನ್ ಮಾಡುವ ಪದ್ಧತಿ 2019ರ ಫೆಬ್ರವರಿಯವರೆಗೂ ಇತ್ತು. ಆಮೇಲೆ ವಾರಕ್ಕೊಮ್ಮೆ ಮಾತಾಡಲು ಅನುಮತಿ ಸಿಕ್ಕಿತು.

ಸಿನಿಮಾ ಇಲ್ಲ, ಪ್ರೇಮ ಪ್ರಸಂಗ ಇಲ್ಲ, ಈಜು ಇಲ್ಲ. ಮದ್ಯ, ತಂಬಾಕು, ಕಾಫಿ, ಟೀ ನಿಷಿದ್ಧ. ತಿಂಗಳಿಗೊಂದು ಭಾನುವಾರ ಉಪವಾಸ. ಗೊತ್ತುಮಾಡಿದ ಪ್ರದೇಶದ ಗಡಿ ದಾಟಬೇಕಾದರೆ ಮೇಲಿನವರ ಅಪ್ಪಣೆ ಬೇಕು. ಎಲ್ಲಕ್ಕಿಂತ ಬಿಗಿಯಾದದ್ದು ಜೋಡಿಯ ನಿಯಮ: ಜೊತೆಗಾರ ಕಣ್ಣಳತೆಯಲ್ಲಿ ಇಲ್ಲದ ಹಾಗೆ ಒಂದು ಗಳಿಗೆಯೂ ಇರಬಾರದು. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದನೆಂದು ಲೂಕನ ಸುವಾರ್ತೆ ಹೇಳುವುದು ಇದಕ್ಕೆ ಆಧಾರ. ಜೊತೆಗಾರನನ್ನು ಆರಿಸುವವರೂ ಮೇಲಿನವರೇ, ಕೆಲವು ವಾರಕ್ಕೋ ತಿಂಗಳಿಗೋ ಬದಲಿಸುವವರೂ ಅವರೇ. ಮನೆಯವರು ಕರೆಯುವ ಹೆಸರು ಎರಡು ವರ್ಷ ಮೂಲೆ ಸೇರುತ್ತದೆ. ಹತ್ತೊಂಬತ್ತರ ಹುಡುಗನನ್ನು ಎಲ್ಲರೂ ‘ಎಲ್ಡರ್’ ಎಂದು ಮನೆತನದ ಹೆಸರು ಸೇರಿಸಿ ಕರೆಯುತ್ತಾರೆ, ಜೊತೆಗಾರನೂ ಹಾಗೆಯೇ.

ನಮ್ಮ ಸೀಮೆಯವರು ಇದನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳಬೇಕು? ಸನ್ಯಾಸವೆನ್ನಲು ಆಗದು. ಈ ನೆಲದ ಸನ್ಯಾಸದ ಅಳತೆಯೇ ಬೇರೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1907ರಲ್ಲಿ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿ 1945ರಲ್ಲಿ ಹುಟ್ಟಿದ್ದು ಬಿಡದಿ ಕಡೆಯ ಬಾನಂದೂರಿನಲ್ಲಿ. ವ್ಯಾಸತೀರ್ಥರ ಗುರು ಬ್ರಹ್ಮಣ್ಯತೀರ್ಥರ ಅಬ್ಬೂರು ಇರುವುದು ಚನ್ನಪಟ್ಟಣದ ಬಗಲಲ್ಲಿ. ಇವರೆಲ್ಲ ಒಮ್ಮೆ ಮನೆ ಬಿಟ್ಟವರು ಬಿಟ್ಟೇ ಬಿಟ್ಟರು. ಮಾರ್ಮನ್ ಹುಡುಗನಾದರೋ ಎರಡು ವರ್ಷ ಮುಗಿದ ಮೇಲೆ ಊರಿಗೆ ಮರಳಿ, ಕಾಲೇಜು ಸೇರಿ, ಮದುವೆಯಾಗುತ್ತಾನೆ; ಆಗಬೇಕೆಂಬುದು ಸಭೆಯ ಅಪೇಕ್ಷೆಯೂ ಹೌದು. ನನಗೆ ತೋರುವಂತೆ ಇದಕ್ಕೆ ಸಮೀಪದ್ದು ಅಯ್ಯಪ್ಪನ ಮಾಲೆ. ಚನ್ನಪಟ್ಟಣದ ಯಾವ ಬೀದಿಯಲ್ಲಿ ನಿಂತರೂ ಕಾರ್ತಿಕ, ಮಾರ್ಗಶಿರದಲ್ಲಿ ಇದು ಕಣ್ಣಿಗೆ ಬೀಳುತ್ತದೆ: ಗೊತ್ತಾದ ಉಡುಪು, ನೆಲದ ಮೇಲೆ ನಿದ್ದೆ, ಬ್ರಹ್ಮಚರ್ಯ, ಊಟದ ಕಟ್ಟು, ನಿನ್ನೆಯವರೆಗೆ ‘ಲೋ’ ಎನಿಸಿಕೊಂಡವನು ಇಂದು ‘ಸ್ವಾಮಿ’. ಮಾಲೆ ತೆಗೆದ ಮೇಲೆ ಅವನು ಮತ್ತೆ ಗಿರಣಿಗೋ ಗೊಂಬೆ ಕೆಲಸಕ್ಕೋ ಹೋಗುತ್ತಾನೆ. ನಲವತ್ತೊಂದು ದಿನದ ಕಡೆ ಎರಡು ವರ್ಷವಿಟ್ಟರೆ ಮಾರ್ಮನ್ ಸೇವೆಯ ರೂಪ ಸಿಕ್ಕಿತು. ಒಂದು ವ್ಯತ್ಯಾಸವನ್ನು ಮರೆಯಬಾರದು: ಮಾಲೆ ಹಾಕಿದವನು ಇನ್ನೊಬ್ಬನಿಗೆ ತನ್ನ ದೇವರನ್ನು ಒಪ್ಪಿಸಲು ಹೊರಟಿರುವುದಿಲ್ಲ.

ಇದು ವ್ರತವೆಂದು ಒಪ್ಪಿದರೆ ಭಾಷೆಯ ಪ್ರಶ್ನೆ ತಾನಾಗಿ ಏಳುತ್ತದೆ. ಹಳೆಯ ದಿನಚರಿಯಲ್ಲಿ, ಹೊಸ ಭಾಷೆ ಕಲಿಯಬೇಕಾದವರಿಗೆ ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹೆಚ್ಚುವರಿ ಪಾಠಕ್ಕೆ ಅವಕಾಶವಿತ್ತು. ಭಾರತಕ್ಕೆ ಬರುವ ಪರದೇಶಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಕೆಲಸ ನಡೆಸುತ್ತಾನೆ. ಬೆಂಗಳೂರಿನಲ್ಲಿ ಅದು ಸಾಕು. ಭಾರತದ ಯುವಕ ಯುವತಿಯರೂ ಇದೇ ನಿಯಮದಡಿ ಸೇವೆ ಮಾಡುತ್ತಾರಾದರೂ ಅವರೂ ಕನ್ನಡದವರೇ ಆಗಿರಬೇಕೆಂದಿಲ್ಲ.

ಇದೇ ದಿನಚರಿಯನ್ನು ರಾಮನಗರದ ರೇಷ್ಮೆ ಹಳ್ಳಿಗೆ ತಂದಿಟ್ಟು ನೋಡಿ. ಬೆಳಗಿನ ಹತ್ತಕ್ಕೆ ಮಿಷನರಿ ಹೊರಡುವ ವೇಳೆಗೆ ಅಲ್ಲಿನವರ ಅರ್ಧ ದಿನ ಮುಗಿದಿರುತ್ತದೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಮೊದಲ ಸಲದ ಸೊಪ್ಪು ಹಾಕಿ ಆಗಿರುತ್ತದೆ. ಗೂಡು ಮಾರುವ ದಿನವಾದರೆ ಗಂಡಸರು ಪಟ್ಟಣದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಮುಂದೆ ನಿಂತಿರುತ್ತಾರೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ಹಾಕುವ ಕೆಲಸವಿಲ್ಲ. ಮಾತಿಗೆ ಜನ ಸಿಗುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಯಾರಿಗೂ ತಲೆಯೆತ್ತಲು ಹೊತ್ತಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಬೀಗರು ಬಂದರೂ ಬಾಗಿಲಲ್ಲೇ ಮಾತು. ಹುಳು ಸಾಕುವ ಮನೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲ, ರೋಗ ತಗಲೀತೆಂಬ ಭಯ. ರಾತ್ರಿಯ ಸೊಪ್ಪು ಹಾಕಿ ಜಗಲಿಗೆ ಬಂದು ಕೂರುವ ಹೊತ್ತಿಗೆ ಮಿಷನರಿ ತನ್ನ ಕೋಣೆ ಸೇರಿರಬೇಕು. ಇನ್ನು ಯಾರಾದರೂ ಒಳಕ್ಕೆ ಕರೆದು ಕೂರಿಸಿದರೆನ್ನಿ. ಮೊದಲು ಬರುವುದು ಟೀ. ಬೇಡವೆಂದರೆ ಮನೆಯೊಡತಿಯ ಮುಖ ಸಣ್ಣದಾಗುತ್ತದೆ, ಬೇಡವೇಕೆಂದು ವಿವರಿಸಲು ಕನ್ನಡ ಬೇಕು. ಮಜ್ಜಿಗೆ, ರಾಗಿ ಅಂಬಲಿ, ಮುದ್ದೆ ಸಾರಿಗೆ ಅವರ ನಿಯಮದಲ್ಲಿ ಅಡ್ಡಿಯೇನೂ ಇಲ್ಲ. ಆದರೆ ಅದನ್ನು ಕೇಳುವಷ್ಟು ಸಲುಗೆ ಭಾಷೆ ಬಂದ ಮೇಲಿನ ಮಾತು.

ಈ ಸೀಮೆಗೆ ಹಿಂದೆ ಬಂದವರು ಈ ಗಂಟನ್ನು ಬೇರೆ ರೀತಿ ಬಿಡಿಸಿಕೊಂಡಿದ್ದರು. ಇಟಲಿಯ ಜೆಸ್ಯೂಟ್ ಲಿಯೊನಾರ್ದೋ ಚಿನ್ನಾಮಿ 17ನೇ ಶತಮಾನದ ನಡುಭಾಗದಲ್ಲಿ ಮೈಸೂರು ಮಿಷನ್ ಆರಂಭಿಸಿದಾಗ, ಮಧುರೆಯಲ್ಲಿ ರೊಬೆರ್ತೋ ದೆ ನೊಬಿಲಿ ಹಾಕಿದ ದಾರಿ ಹಿಡಿದ: ಸನ್ಯಾಸಿಯ ಉಡುಪು, ಮಾಂಸ ಮದ್ಯಗಳ ತ್ಯಾಗ, ಕನ್ನಡದಲ್ಲಿ ಧರ್ಮಬೋಧೆಯ ಪುಸ್ತಕ. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕ್ರೈಸ್ತರು ತಮ್ಮ ಊರಿನ ಮೂಲವನ್ನು ಆ ಕಾಲದ ಪಾದ್ರಿಗಳಿಗೆ ಕೊಂಡೊಯ್ಯುತ್ತಾರೆ. 2019ರ ಕ್ರಿಸ್‌ಮಸ್ ದಿನ ಅಲ್ಲಿನ ಕಪಾಲಿ ಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆಗೆ ಶಂಕುಸ್ಥಾಪನೆಯಾಗಿ, ಮುಂದಿನ ತಿಂಗಳು ಕನಕಪುರದಲ್ಲಿ ದೊಡ್ಡ ಪ್ರತಿಭಟನೆ ನಡೆದಾಗ ರಾಜ್ಯಕ್ಕೆಲ್ಲ ಈ ಊರಿನ ಹೆಸರು ಗೊತ್ತಾಯಿತು. ಗದ್ದಲದ ಬಗ್ಗೆ ಬಂದ ಬರಹ ರಾಶಿಯಿದೆ. ಹಾರೋಬೆಲೆಯವರು ಶತಮಾನಗಳಿಂದ ಕನ್ನಡದಲ್ಲೇ ಪ್ರಾರ್ಥಿಸುತ್ತ ಬಂದ ರೈತರು ಎಂಬ ಮಾತು ಆ ರಾಶಿಯಲ್ಲಿ ಹೂತುಹೋಯಿತು.

ಫ್ರಾನ್ಸಿನ ಅಬೆ ದ್ಯುಬುವಾ 1792ರಲ್ಲಿ ಭಾರತಕ್ಕೆ ಹೊರಟು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದವನು. ಜನರ ಉಡುಗೆಯನ್ನೂ ಊಟವನ್ನೂ ನಡಾವಳಿಯನ್ನೂ ತನ್ನದಾಗಿಸಿಕೊಂಡೆನೆಂದು ಆತನೇ ಬರೆದಿದ್ದಾನೆ. ಜನ ‘ದೊಡ್ಡಸ್ವಾಮಿಯವರು’ ಎಂದರು. ಹಿಂದೂಗಳ ಆಚಾರ ವಿಚಾರಗಳ ಮೇಲಿನ ಆತನ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ಎರಡು ಸಾವಿರ ಪಗೋಡ ಕೊಟ್ಟು ಕೊಂಡುಕೊಂಡಿತು. ಮೂವತ್ತೊಂದು ವರ್ಷ ಇಲ್ಲಿದ್ದು 1823ರಲ್ಲಿ ಹಡಗು ಹತ್ತುವಾಗ, ಈ ಜನರನ್ನು ಮತಾಂತರಿಸುವುದು ಆಗದ ಮಾತೆಂಬ ತೀರ್ಮಾನಕ್ಕೆ ಬಂದಿದ್ದ. ಮಿಷನರಿಯೊಬ್ಬ ಹೀಗೆ ಅಚ್ಚಿನಲ್ಲಿ ಒಪ್ಪಿಕೊಂಡದ್ದು ಇಂಗ್ಲೆಂಡಿನ ಪಾದ್ರಿಗಳನ್ನು ಕೆರಳಿಸಿತು.

ವಯಸ್ಸಿನಲ್ಲೂ ಅವಧಿಯಲ್ಲೂ ಇಂದಿನ ಮಾರ್ಮನ್ ಹುಡುಗನಿಗೆ ಸರಿಹೋಗುವವನು ಐರ್ಲೆಂಡಿನ ವಿಲಿಯಂ ಆರ್ಥರ್. 1819ರಲ್ಲಿ ಹುಟ್ಟಿ, 1839ರಲ್ಲಿ ಇಪ್ಪತ್ತರ ವಯಸ್ಸಿಗೆ ವೆಸ್ಲಿಯನ್ ಮಿಷನ್ನಿನಿಂದ ಗುಬ್ಬಿಗೆ ಬಂದ. ಕಮಿಷನರ್ ಮಾರ್ಕ್ ಕಬ್ಬನ್ ಆಳುತ್ತಿದ್ದ ಕಾಲ. ಗುಬ್ಬಿ ಮಾಗಡಿಗೆ ಬಹು ದೂರವಲ್ಲ. ನಡುವೆ ಕುಣಿಗಲ್ ಸೀಮೆ. ಅಲ್ಲಿ ಆತನಿಗೆ ಹಿರಿಯನಾಗಿದ್ದವನು ಥಾಮಸ್ ಹಾಡ್ಸನ್, ಮುಂದೆ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದವನು. ಹೀಗೆ ಆರ್ಥರನಿಗೂ ಜೊತೆಗಾರನಿದ್ದ, ಆದರೆ ಕಾವಲಿಗಲ್ಲ, ಭಾಷೆಯಲ್ಲಿ ಮುಂದಿದ್ದ ಗುರುವಾಗಿ. ಸಂತೆಯೇ ಆತನ ಪಾಠಶಾಲೆ, ಜಾತ್ರೆಯೇ ಪರೀಕ್ಷೆ. ಮಳೆಗಾಲದಲ್ಲಿ ಠಾಣೆಯಲ್ಲಿ ಕೂತು ಓದು, ಒಣ ತಿಂಗಳುಗಳಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಊರೂರು ಸುತ್ತಾಟ: ಆ ಕಾಲದ ಮಿಷನರಿಯ ವರ್ಷ ಚಾತುರ್ಮಾಸ್ಯ ಕೂರುವ ನಮ್ಮ ಯತಿಗಳ ವರ್ಷದಂತೆಯೇ ಮಳೆಯ ಲೆಕ್ಕದಲ್ಲಿ ನಡೆಯುತ್ತಿತ್ತು, ಗಡಿಯಾರದ ಲೆಕ್ಕದಲ್ಲಲ್ಲ. 1841ರಲ್ಲಿ ಕಣ್ಣು ಮತ್ತು ಆರೋಗ್ಯ ಕೆಟ್ಟು ಆರ್ಥರ್ ಮರಳಬೇಕಾಯಿತು. ಎರಡು ವರ್ಷ. 1847ರಲ್ಲಿ ಮೈಸೂರು ಮಿಷನ್ನಿನ ಬಗ್ಗೆ ಆತ ಬರೆದ ಪುಸ್ತಕ ಇಂದಿಗೂ ಓದಿಸಿಕೊಳ್ಳುತ್ತದೆ. ಅವನ ಸಂಘಕ್ಕೆ ಈ ಎರಡು ವರ್ಷ ಅರ್ಧಕ್ಕೇ ಕಡಿದುಹೋದ ಬದುಕು. ಮಾರ್ಮನ್ನರಿಗೆ ಅಷ್ಟೇ ಕಾಲ ಪೂರ್ಣ ಸೇವೆ. ನನ್ನ ವಾದದ ತಿರುಳು ಈ ವ್ಯತ್ಯಾಸದಲ್ಲಿದೆ.

1853 ಎಂಬ ವರ್ಷ ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. ಆ ವರ್ಷ ಇಪ್ಪತ್ತೊಂದರ ಫರ್ಡಿನಾಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನಿಂದ ಕನ್ನಡ ನಾಡಿಗೆ ಬಂದಿಳಿದ. ಅದೇ ವರ್ಷ ಮಾರ್ಮನ್ ಮಿಷನರಿಗಳಾದ ರಿಚರ್ಡ್ ಬ್ಯಾಲಂಟೈನ್ ಮತ್ತು ರಾಬರ್ಟ್ ಸ್ಕೆಲ್ಟನ್ ಮದರಾಸಿಗೆ ಬಂದರು. ಇವರು ಇಂಗ್ಲಿಷಿನಲ್ಲಿ ಬೋಧಿಸಿದರು, ಇಂಗ್ಲಿಷಿನಲ್ಲಿ ಪತ್ರಿಕೆ ಅಚ್ಚು ಹಾಕಿದರು, ಹೆಚ್ಚಾಗಿ ಯುರೋಪಿಯನ್ನರನ್ನೇ ತಲುಪಿದರು. ಬ್ಯಾಲಂಟೈನ್ ಮರುವರ್ಷವೇ ಹೊರಟ. 1856ರ ಹೊತ್ತಿಗೆ ಭಾರತದ ಮಾರ್ಮನ್ ಯತ್ನ ಮುಗಿದಿತ್ತು. ಕಿಟ್ಟೆಲ್ಲನ ಪದಕೋಶ ಹೊರಬಂದದ್ದು 1894ರಲ್ಲಿ, ಇಲ್ಲಿಗೆ ಬಂದು ನಲವತ್ತೊಂದು ವರ್ಷವಾದ ಮೇಲೆ.

ಕಾನೂನೂ ಈಗ ಬೇರೆ. ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಬೋಧೆ ಮಾಡುವಂತಿಲ್ಲ. ಧರ್ಮ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಕರ್ನಾಟಕದ ಮತಾಂತರ ನಿಷೇಧ ಕಾಯ್ದೆ 2022ರಲ್ಲಿ ಬಂತು, ಅದನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಹಳ್ಳಿಗೆ ಹೋಗಲು ಈ ಬಿಗಿಯೂ ಒಂದು ಅಡ್ಡಿ. ಆದರೆ ಕಾನೂನು ಎಷ್ಟೇ ಸಡಿಲವಿದ್ದರೂ ದಿನಕ್ಕೊಂದು ಗಂಟೆಯ ಭಾಷೆ ಇಟ್ಟುಕೊಂಡು ಎರಡು ವರ್ಷದಲ್ಲಿ ಸಾವನದುರ್ಗದ ಬುಡದ ಹಳ್ಳಿಯ ಜಗಲಿಯಲ್ಲಿ ಕೂತು ವಾದ ಮಾಡಲಾಗದು. ಎರಡು ವರ್ಷದ ವ್ರತ ಹುಡುಗನನ್ನು ತಿದ್ದುತ್ತದೆ, ಸಂದೇಹವಿಲ್ಲ. ಮಾರ್ಮನ್ ಸಭೆ ಈ ಸೇವೆಯಿಂದ ಪಡೆಯುವ ದೊಡ್ಡ ಲಾಭವೂ ಊರಿಗೆ ಮರಳಿದ ಆ ಹುಡುಗನೇ ಎಂದು ನನ್ನ ಎಣಿಕೆ.

ಭಾಷೆ ಕೈವಶವಾಗಲು ಎರಡು ವರ್ಷ ಸಾಲದೆಂಬ ಈ ಮಾತಿನಿಂದ ಪ್ರಾದೇಶಿಕ ಇತಿಹಾಸ ಬರೆಯುವವರಿಗೆ ಒಂದು ಎಚ್ಚರಿಕೆ ಹುಟ್ಟುತ್ತದೆ. ಯಾವ ಕಾಲದ ಮಿಷನರಿಯೇ ಆಗಲಿ, ಮೊದಲ ಎರಡು ವರ್ಷದಲ್ಲಿ ನಮ್ಮ ಜನರ ಬಗ್ಗೆ ಬರೆದದ್ದು ಪಕ್ಕದಲ್ಲಿ ಕೂತು ಭಾಷೆ ಕಲಿಸುತ್ತಿದ್ದ ಮುನ್ಷಿ ಹೇಳಿದ್ದು, ಉಪದೇಶಿ ತಿಳಿಸಿದ್ದು. ಪದಕೋಶ, ವ್ಯಾಕರಣಗಳ ಮುನ್ನುಡಿಯಲ್ಲಿ ಆ ಮುನ್ಷಿಗಳಿಗೆ ಸಿಕ್ಕ ಜಾಗ ಕಿರಿದು. ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರದ ಮನೆಗಳಲ್ಲಿ ಹಿರಿಯರು ಮಿಷನ್ ಶಾಲೆಯಲ್ಲಿ ಕಲಿಸಿದ, ಪಾದ್ರಿಗಳಿಗೆ ಕನ್ನಡ ಹೇಳಿಕೊಟ್ಟ ಕಾಗದಪತ್ರಗಳಿದ್ದರೆ, ಹಳೆಯ ಚರ್ಚುಗಳಲ್ಲಿ ದೀಕ್ಷಾಸ್ನಾನದ ದಫ್ತರಗಳಿದ್ದರೆ, ಗೆದ್ದಲು ಹಿಡಿಯುವ ಮೊದಲು ಅವುಗಳ ಚಿತ್ರ ತೆಗೆಸಿ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಒಂದು ಪ್ರತಿ ತಲುಪಿಸಬೇಕೆಂದು ಓದುಗರಲ್ಲಿ ವಿನಂತಿ.