ಕವಿಲೆಯ ಶಾಪ, ಕೊಲ್ಲಂನ ಸಹಿ

ನಮ್ಮ ದಾನಶಾಸನಗಳನ್ನು ಓದಿದವರಿಗೆ ಕೊನೆಯ ಶಾಪಾಶಯ ಬಾಯಿಪಾಠ: ಈ ಧರ್ಮ ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ಅಯ್ಯಾವೊಳೆಯ ಐನೂರ್ವರು, ಅಂದರೆ ನಮ್ಮ ಐಹೊಳೆಯ ವರ್ತಕ ಸಂಘದವರು, ದೇವಸ್ಥಾನಗಳಿಗೆ ಬಿಟ್ಟ ದತ್ತಿಗಳಿಗೂ ಇದೇ ಕಾವಲು. ಆದರೆ ಈ ಮಾತು ನಾಟೋದು ಕೇಳುವವನಿಗೂ ಕಾಶಿ, ಕವಿಲೆ ಪವಿತ್ರವಾಗಿದ್ದರೆ ಮಾತ್ರ. ಕಡಲಾಚೆಯಿಂದ ಬಂದ ವ್ಯಾಪಾರಿಯನ್ನು ಯಾವುದರಿಂದ ಕಟ್ಟಿಹಾಕೋದು?

ಇದಕ್ಕೊಂದು ಉತ್ತರ ಕೇರಳದ ಕೊಲ್ಲಂನಲ್ಲಿದೆ. ಕ್ರಿ.ಶ. 849ರ ತರಿಸಾಪ್ಪಳ್ಳಿ ತಾಮ್ರಪಟ, ಚೇರ ದೊರೆ ಸ್ಥಾಣು ರವಿಯ 5ನೇ ಆಳ್ವಿಕೆಯ ವರ್ಷದ್ದು. ವೇಣಾಡಿನ ಅಯ್ಯನಡಿಗಳ್, ಮಾರ್ ಸಾಪಿರ್ ಈಶೋ ಕಟ್ಟಿಸಿದ ಚರ್ಚಿಗೆ ಭೂಮಿ, ತೆರಿಗೆ ವಿನಾಯಿತಿ ಕೊಡ್ತಾನೆ. ತೂಕ-ಅಳತೆಯ ಉಸ್ತುವಾರಿಯೂ ಚರ್ಚಿಗೇ! ತಕ್ಕಡಿ ಯಾರ ಕೈಲಿದೆ ಅನ್ನೋದೇ ತಾನೇ ಪೇಟೆಯ ನಂಬಿಕೆ? ಇದನ್ನು ಕಾಪಾಡುವ ಹೊಣೆ ಅಂಜುವಣ್ಣಂ, ಮಣಿಗ್ರಾಮಂ ಎಂಬ ವರ್ತಕ ಸಂಘಗಳಿಗೆ.

ಶಾಸನದ ಒಕ್ಕಣೆ ವಟ್ಟೆಳುತ್ತಿನಲ್ಲಿದೆ. ಸಾಕ್ಷಿಗಳ ಹಲಗೆಯಲ್ಲಿ ಮಾತ್ರ ಲಿಪಿ ಬದಲಾಗುತ್ತೆ. ಒಟ್ಟು 25 ಸಹಿ: ಕೂಫಿಕ್ ಅರಬ್ಬಿಯಲ್ಲಿ 11, ಪಹ್ಲವಿಯಲ್ಲಿ 10, ಹೀಬ್ರೂ ಅಕ್ಷರದಲ್ಲಿ 4. ಸ್ಥಳೀಯ ಲಿಪಿಯಲ್ಲಿ ಬರೆಯಿರಿ ಅಂತ ಯಾರೂ ಹಟ ಹಿಡಿದಂತಿಲ್ಲ. ತನ್ನವರು ಓದಬಲ್ಲ ಅಕ್ಷರದಲ್ಲಿ ಹೆಸರು ಹಾಕಿದವನು ತನ್ನವರ ಮುಂದೆಯೇ ಮಾತಿಗೆ ಸಿಕ್ಕಿಬೀಳ್ತಾನೆ.

ರಾಜನ ಹೆಸರು, ಕಾಲ ಸಿಕ್ಕ ಕೂಡಲೇ ನಾವು ಶಾಸನ ಓದೋದು ನಿಲ್ಲಿಸಿಬಿಡ್ತೀವಿ. ಕೊನೆಯ ಸಾಲುಗಳನ್ನೂ ಓದಿ. ಮಾತು ಉಳಿಯಲು ಅವರು ಯಾರನ್ನು ನೆಚ್ಚಿದ್ದರು ಅನ್ನೋದು ಇರೋದು ಅಲ್ಲೇ.